ಆಡಮ್-10 ಬ್ಲಾಟ್‌ನಲ್ಲಿ ಪಕ್ವ ರೂಪದ ಬ್ಯಾಂಡ್ ಕಾಣುತ್ತಿಲ್ಲ: ದೋಷ ಆಂಟಿಬಾಡಿಯದ್ದೇ?

ಪೊರೆಯ_ಪಹರೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಕೆಲಸವೆಲ್ಲ ಆಡಮ್-10 ಎಂಬ ಕಿಣ್ವದ ಮೇಲೆ. ಬೇರೆ ವಿಭಾಗಗಳಿಂದ ಬಂದು ಓದುವವರಿಗಾಗಿ ಹೇಳುವುದಾದರೆ, ಇದು ಜೀವಕೋಶದ ಹೊರಪೊರೆಯಲ್ಲಿ ನೆಟ್ಟುಕೊಂಡು ಪಕ್ಕದ ಪ್ರೋಟೀನುಗಳ ಹೊರಭಾಗವನ್ನು ಕತ್ತರಿಸಿ ಬಿಡುವ, ಸತುವಿಲ್ಲದೆ ಕೆಲಸ ಮಾಡದ ಪ್ರೋಟಿಯೇಸ್. ನರಕೋಶಗಳಲ್ಲಿ ಅಮೈಲಾಯ್ಡ್ ಪೂರ್ವಗಾಮಿ ಪ್ರೋಟೀನನ್ನು ಆಲ್ಫಾ ಸ್ಥಾನದಲ್ಲಿ ಕತ್ತರಿಸುವುದು ಮುಖ್ಯವಾಗಿ ಇದೇ, ಮತ್ತು ಅಲ್ಲಿ ಕತ್ತರಿ ಬಿದ್ದ ಅಣುವಿನಿಂದ ಅಲ್ಝೈಮರ್ ಕಾಯಿಲೆಯ ಅಮೈಲಾಯ್ಡ್ ಬೀಟಾ ಹುಟ್ಟುವುದಿಲ್ಲ.

ಸಮಸ್ಯೆ ಇದು. ಎಸ್‌ಎಚ್-ಎಸ್‌ವೈ5ವೈ ಎಂಬ ನರಮೂಲದ ಮಾನವ ಕೋಶಗಳಿಗೆ ರೆಟಿನಾಯಿಕ್ ಆಮ್ಲ ಕೊಟ್ಟು, ಕೊಡದ ಕೋಶಗಳೊಡನೆ ಹೋಲಿಸಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಬ್ಯಾಂಡಾಗಿ ಕಾಣಿಸುವ ವಿಧಾನ) ಮಾಡುತ್ತಿದ್ದೇವೆ. ನಮ್ಮದು ಮೊಲದಲ್ಲಿ ತಯಾರಾದ ಪಾಲಿಕ್ಲೋನಲ್ (ಹಲವು ಬಗೆಯ ಆಂಟಿಬಾಡಿಗಳ ಮಿಶ್ರಣವಾದ) ಆಂಟಿಬಾಡಿ. ಕಿಣ್ವದ ಸಿ-ತುದಿ, ಅಂದರೆ ಕೋಶದ ಒಳಕ್ಕೆ ಇಳಿದಿರುವ ಬಾಲದ ಪೆಪ್ಟೈಡಿನ ವಿರುದ್ಧ ತಯಾರಿಸಿದ್ದು. 90 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಅಪಕ್ವ ರೂಪದ (ಮುಂಭಾಗದ ತುಂಡು ಇನ್ನೂ ಕತ್ತರಿಸಿ ಹೋಗದ ಕಿಣ್ವದ) ಬ್ಯಾಂಡ್ ಕಣ್ಣಿಗೆ ರಾಚುವಂತೆ ಬರುತ್ತದೆ. 60ರಿಂದ 70ರ ನಡುವೆ ಬರಬೇಕಾದ ಪಕ್ವ ರೂಪವು ಒಮ್ಮೆ ಮಸುಕಾಗಿ ಕಾಣುತ್ತದೆ, ಮತ್ತೊಮ್ಮೆ ಕಾಣುವುದೇ ಇಲ್ಲ. ಕೋಶದ ಮೇಲ್ಮೈಯಲ್ಲಿ ನಿಂತು ಕತ್ತರಿಸುವುದು ಪಕ್ವ ರೂಪವೇ ಆದ್ದರಿಂದ ಅದು ಕಾಣದಿದ್ದರೆ ನಮ್ಮ ಪ್ರಶ್ನೆಗೇ ಅರ್ಥವಿಲ್ಲ. ಈ ಆಂಟಿಬಾಡಿ ಸರಿಯಿಲ್ಲ, ಬೇರೆ ತರಿಸೋಣ ಎಂಬುದು ಗೈಡ್ ಅವರ ಅಭಿಪ್ರಾಯ. ಯಾವುದನ್ನು ತರಿಸಬಹುದು?

ಕಣ್ಣಾರೆ_ಬ್ಲಾಟ್

ಕತ್ತರಿಸಿದ ಚಿತ್ರ ಬೇಡ, ಲ್ಯಾಡರ್ (ಗಾತ್ರ ತೋರಿಸುವ ಗುರುತುಗಳು) ಸಮೇತ ಇಡೀ ಬ್ಲಾಟ್ ಹಾಕಿರಿ.

ಹಳೆಯ_ಬಫರ್

ಆಂಟಿಬಾಡಿಯನ್ನು ದೂರುವ ಮುನ್ನ ಕೋಶ ಒಡೆಯುವ ಲೈಸಿಸ್ ಬಫರಿನಲ್ಲಿ ಏನೇನಿದೆ ಎಂದು ಬರೆಯಿರಿ. ಪ್ರೋಟಿಯೇಸ್ ತಡೆಯುವ ಮಾತ್ರೆ ಹಾಕುತ್ತೀರಲ್ಲ, ಅದು ಇಡಿಟಿಎ (ಲೋಹವನ್ನು ಹಿಡಿದಿಡುವ ರಾಸಾಯನಿಕ) ಇರುವುದೋ ಇಲ್ಲದ್ದೋ? ಕೋಶಗಳನ್ನು ಒಡೆದ ಮೇಲೆ ಎಷ್ಟು ಹೊತ್ತು ಐಸ್ ಮೇಲೆ ಇಡುತ್ತೀರಿ?

ನಾಕೌಟ್_ವಾದಿ

ನನ್ನದು ಬೇರೆ ಪ್ರಶ್ನೆ. ಆ 90ರ ಬ್ಯಾಂಡ್ ಆಡಮ್-10ದ್ದೇ ಎಂಬುದಕ್ಕೆ ನಿಮ್ಮಲ್ಲಿ ಏನು ಸಾಕ್ಷಿ ಇದೆ? ಡೇಟಾ ಶೀಟಿನಲ್ಲಿ ಹಾಗೆ ಬರೆದಿದೆ ಎನ್ನುವುದು ಸಾಕ್ಷಿಯಲ್ಲ. ಜೀನ್ ತೆಗೆದುಹಾಕಿದ ಕೋಶದಲ್ಲಿ ಬ್ಯಾಂಡ್ ಮಾಯವಾಗದಿದ್ದರೆ ಅದು ಬೇರೆ ಯಾವುದೋ ಪ್ರೋಟೀನು. ಅದನ್ನು ನೋಡದೆ ಪಕ್ವ, ಅಪಕ್ವ ಎಂದು ಹೆಸರಿಡುವುದು ಅವಸರವಾಯಿತು.

ಪೊರೆಯ_ಪಹರೆ

ಹಳೆಯ ಬಫರ್ ಸರ್, ಬಫರ್ ರಿಪಾ, ಡಿಟರ್ಜೆಂಟ್ ಇರುವುದು. ಮಾತ್ರೆ ಇಡಿಟಿಎ ಇಲ್ಲದ್ದು. ಮೊದಲಿನಿಂದಲೂ ಲ್ಯಾಬಿನಲ್ಲಿ ಅದೇ ನಡೆದುಬಂದಿದೆ, ಏಕೆಂದರೆ ಅದೇ ಲೈಸೇಟಿನಿಂದ (ಒಡೆದ ಕೋಶಗಳ ದ್ರಾವಣದಿಂದ) ಲೋಹ ಬೇಕಾಗುವ ಬೇರೆ ಪ್ರಯೋಗಗಳನ್ನೂ ಮಾಡುತ್ತೇವೆ. ಒಡೆದ ಮೇಲೆ ಅರ್ಧ ಗಂಟೆ ಐಸ್, ಆಮೇಲೆ ಸೆಂಟ್ರಿಫ್ಯೂಜ್, ಆಮೇಲೆ ಬಿಸಿಎ ವಿಧಾನದಲ್ಲಿ ಪ್ರೋಟೀನ್ ಅಳತೆ, ಅದಾದ ಮೇಲೆ ಸ್ಯಾಂಪಲ್ ಬಫರ್ ಸೇರಿಸಿ ಕುದಿಸುತ್ತೇವೆ. ಇಡೀ ಬ್ಲಾಟಿನ ಚಿತ್ರವನ್ನು ಸಂಜೆ ಹಾಕುತ್ತೇನೆ.

ಹಳೆಯ_ಬಫರ್

ಹಾಗಾದರೆ ಹೊಸ ಆಂಟಿಬಾಡಿಯ ಹಣವನ್ನು ಸದ್ಯಕ್ಕೆ ಉಳಿಸಿಕೊಳ್ಳಿರಿ. ನೀವು ಹುಡುಕುತ್ತಿರುವ ಕಿಣ್ವ ನಿಮ್ಮ ಐಸ್ ಡಬ್ಬಿಯಲ್ಲೇ ತನ್ನನ್ನು ತಾನು ಕತ್ತರಿಸಿಕೊಳ್ಳುತ್ತಿರುವ ಸಾಧ್ಯತೆ ಹೆಚ್ಚು.

ಇಡಿಟಿಎ ಇಲ್ಲದ ಮಾತ್ರೆಗಳು ಸೆರಿನ್ ಮತ್ತು ಸಿಸ್ಟೀನ್ ಪ್ರೋಟಿಯೇಸುಗಳನ್ನು ತಡೆಯುತ್ತವೆ. ಲೋಹ ಆಶ್ರಿತ ಪ್ರೋಟಿಯೇಸುಗಳನ್ನು ಮುಟ್ಟುವುದೇ ಇಲ್ಲ. ಕೋಶ ಇಡಿಯಾಗಿದ್ದಾಗ ಪೊರೆಯಲ್ಲಿ ಶಿಸ್ತಾಗಿ ನಿಂತಿದ್ದ ಪಕ್ವ ಆಡಮ್-10, ಡಿಟರ್ಜೆಂಟ್ ಬಿದ್ದು ಪೊರೆ ಕರಗಿದ ಕೂಡಲೇ ತನ್ನನ್ನೇ ಛೇದಿಸಿಕೊಳ್ಳತೊಡಗುತ್ತದೆ. ಇದು ನನ್ನ ಊಹೆಯಲ್ಲ. 2018ರಲ್ಲಿ ಫಾಸೆಬ್ ಜರ್ನಲ್‌ನಲ್ಲಿ ಬಂದ ಪ್ರಬಂಧವೊಂದು ಇದನ್ನೇ ತೋರಿಸಿತು: ಹಲವು ಕೋಶಸಂತತಿಗಳಲ್ಲಿಯೂ ನೇರವಾಗಿ ಬೆಳೆಸಿದ ನರಕೋಶಗಳಲ್ಲಿಯೂ ಲೈಸಿಸ್ ಆದ ಮೇಲೆ ಸಮಯ ಕಳೆದಂತೆ ಪಕ್ವ ರೂಪ ಕರಗುತ್ತ ಹೋಗುತ್ತದೆ, ಆದರೆ ಅಪಕ್ವ ರೂಪಕ್ಕೆ ಏನೂ ಆಗುವುದಿಲ್ಲ. ಕಿಣ್ವದ ಸಕ್ರಿಯ ಸ್ಥಾನಕ್ಕೆ ಅಂಟುವ ತಡೆಕಾರಕವನ್ನು ಬಫರಿಗೆ ಮೊದಲೇ ಸೇರಿಸಿದರೆ ಈ ನಾಶ ನಿಲ್ಲುತ್ತದೆ. ಆಗ ನೋಡಿದರೆ ಕೋಶದಲ್ಲಿ ಅಪಕ್ವಕ್ಕಿಂತ ಪಕ್ವ ರೂಪವೇ ಜಾಸ್ತಿ ಇರುತ್ತದೆ. ಪಕ್ವ ಆಡಮ್-10 ಅಲ್ಪಾಯುಷಿಯೂ ಅಲ್ಲ. ಕೋಶದೊಳಗೆ ಅದರ ಅರ್ಧಾಯುಷ್ಯ ಸುಮಾರು 12 ಗಂಟೆ ಎಂದು ಅದೇ ಪ್ರಬಂಧ ಹೇಳುತ್ತದೆ. ಅಂದರೆ ಬಹಳ ಕಾಲ ನಾವೆಲ್ಲ ನೋಡಿ ನಂಬಿದ "ದಟ್ಟ ಅಪಕ್ವ, ಮಸುಕು ಪಕ್ವ" ಎಂಬ ಚಿತ್ರ ಕೋಶದ್ದಲ್ಲ, ಟ್ಯೂಬಿನದು. ಇದರ ಹತ್ತಿರದ ನೆಂಟ ಆಡಮ್-17ರ ಕಥೆಯೂ ಹೀಗೆಯೇ. ಅದನ್ನು 2000ನೇ ಇಸವಿಯ ಹೊತ್ತಿಗೇ ಗುರುತಿಸಿದ್ದರು.

ಪರೀಕ್ಷೆಗೆ ಪೈಸೆ ಖರ್ಚಿಲ್ಲ. ಒಂದು ಪ್ಲೇಟಿನ ಕೋಶಗಳ ಮೇಲೆ ಕುದಿಯುವ ಎಸ್‌ಡಿಎಸ್ (ಪ್ರೋಟೀನುಗಳ ರಚನೆ ಬಿಚ್ಚಿ ಕಿಣ್ವಗಳನ್ನು ಕೂಡಲೇ ನಿಲ್ಲಿಸುವ ಡಿಟರ್ಜೆಂಟ್) ಸ್ಯಾಂಪಲ್ ಬಫರನ್ನು ನೇರವಾಗಿ ಸುರಿದು ಕೆರೆದು ತೆಗೆಯಿರಿ. ಡಿಎನ್‌ಎಯಿಂದ ಅಂಟಂಟಾಗುತ್ತದೆ, ಸಣ್ಣ ಸೂಜಿಯಲ್ಲಿ ಎಳೆದು ಬಿಟ್ಟರೆ ಸರಿಹೋಗುತ್ತದೆ. ಇನ್ನೊಂದು ಪ್ಲೇಟನ್ನು ನಿಮ್ಮ ಮಾಮೂಲಿ ಪದ್ಧತಿಯಲ್ಲೇ ಮಾಡಿರಿ. ಎರಡನ್ನೂ ಅಕ್ಕಪಕ್ಕ ಓಡಿಸಿದರೆ ಉತ್ತರ ಅಲ್ಲೇ ಸಿಗುತ್ತದೆ.

ಖರ್ಚಿನ_ಲೆಕ್ಕ

ಇದನ್ನು ಯಾವ ಆಂಟಿಬಾಡಿ ಡೇಟಾ ಶೀಟೂ ದಪ್ಪಕ್ಷರದಲ್ಲಿ ಬರೆಯುವುದಿಲ್ಲ ಎಂಬುದು ನನ್ನ ದೂರು. ಕೊಂಡವರು ಬ್ಯಾಂಡ್ ಕಾಣದೆ ಇನ್ನೊಂದು ಕೊಳ್ಳುತ್ತಾರೆ, ಅದರಲ್ಲೂ ಕಾಣದೆ ಮತ್ತೊಂದು.

ನಾಕೌಟ್_ವಾದಿ

ಹಳೆಯ ಬಫರ್ ಅವರ ವಿವರಣೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರಿಂದ ನನ್ನ ಪ್ರಶ್ನೆ ಬಗೆಹರಿಯುವುದಿಲ್ಲ. ತಡೆಕಾರಕ ಹಾಕಿದ ಮೇಲೆ 65ರಲ್ಲಿ ಬ್ಯಾಂಡ್ ಬಂದರೂ ಅದು ಆಡಮ್-10 ಎಂದು ತೋರಿಸುವ ಹೊಣೆ ಹಾಗೆಯೇ ಉಳಿಯುತ್ತದೆ. 2023ರಲ್ಲಿ ಇ-ಲೈಫ್ ಪತ್ರಿಕೆಗೆ ಬಂದ ಕೆಲಸವನ್ನು ಓದಿರಿ: 65 ಪ್ರೋಟೀನುಗಳಿಗಾಗಿ ಮಾರುಕಟ್ಟೆಯಲ್ಲಿರುವ 614 ಆಂಟಿಬಾಡಿಗಳನ್ನು ತಂದು, ಮೂಲ ಕೋಶ ಮತ್ತು ನಾಕೌಟ್ (ಜೀನ್ ತೆಗೆದುಹಾಕಿದ) ಕೋಶಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಗುರಿಯನ್ನೇ ಗುರುತಿಸದ ಆಂಟಿಬಾಡಿಯಿಂದ ತೆಗೆದ ಚಿತ್ರಗಳು, ಒಂದೊಂದು ಪ್ರೋಟೀನಿಗೆ ಸರಾಸರಿ ಸುಮಾರು 12 ಪ್ರಕಟಿತ ಪ್ರಬಂಧಗಳಲ್ಲಿ ಸೇರಿಕೊಂಡಿದ್ದವು. ರಿಕಾಂಬಿನೆಂಟ್ (ಗೊತ್ತಿರುವ ಜೀನ್ ಸೀಕ್ವೆನ್ಸಿನಿಂದ ತಯಾರಿಸಿದ) ಆಂಟಿಬಾಡಿಗಳು ಒಟ್ಟಾರೆ ಮೇಲುಗೈ ಸಾಧಿಸಿದವು, ಪಾಲಿಕ್ಲೋನಲ್‌ಗಳು ಹಿಂದೆ ಬಿದ್ದವು. ಚರ್ಚೆ ಆರಂಭಿಸಿದವರ ಕೈಯಲ್ಲಿರುವುದು ಪಾಲಿಕ್ಲೋನಲ್ ಎಂಬುದನ್ನು ಮರೆಯಬೇಡಿ.

ಖರ್ಚಿನ_ಲೆಕ್ಕ

ಸ್ವಾಮಿ, ನಾಕೌಟ್ ಎಂದು ಬಾಯಲ್ಲಿ ಹೇಳುವುದು ಸುಲಭ. ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಪಾಠ ಮಾಡಿಕೊಂಡೇ ಸಂಶೋಧನೆ ನಡೆಸುವವನು. ಕ್ರಿಸ್ಪರ್ ವಿಧಾನದಿಂದ ಜೀನ್ ಕತ್ತರಿಸಿ, ಒಂಟಿ ಕೋಶದಿಂದ ಸಂತತಿ ಬೆಳೆಸಿ, ಸೀಕ್ವೆನ್ಸ್ ಮಾಡಿ ದೃಢಪಡಿಸುವುದಕ್ಕೆ ನಮ್ಮಲ್ಲಿ ಕೈಗಳೂ ಇಲ್ಲ, ಇನ್‌ಕ್ಯುಬೇಟರಿನಲ್ಲಿ ಜಾಗವೂ ಇಲ್ಲ. 2016ರಲ್ಲಿ ಆಂಟಿಬಾಡಿ ಪರಿಶೀಲನೆಗೆಂದು ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಐದು ದಾರಿಗಳನ್ನು ಸೂಚಿಸಿತು, ಅದರಲ್ಲಿ ನಾಕೌಟ್ ಒಂದು ಮಾತ್ರ. ಒಂದೇ ಪ್ರೋಟೀನಿನ ಬೇರೆ ಬೇರೆ ಭಾಗಗಳಿಗೆ ಅಂಟುವ ಎರಡು ಆಂಟಿಬಾಡಿಗಳು ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡುವುದೂ ಆ ಐದರಲ್ಲಿದೆ. ನಾಕೌಟ್ ಇಲ್ಲದವರು ಬಾಗಿಲು ಮುಚ್ಚಿಕೊಂಡು ಹೋಗಲಿ ಎಂದರೆ ಹೇಗೆ?

ನಾಕೌಟ್_ವಾದಿ

ಬಾಗಿಲು ಮುಚ್ಚಿ ಎಂದು ನಾನು ಹೇಳಿಲ್ಲ. ಆರ್‌ಎನ್‌ಎ ಹಸ್ತಕ್ಷೇಪದಿಂದ ಪ್ರಮಾಣ ತಗ್ಗಿಸಿಯಾದರೂ ನೋಡಬಹುದು. ಜೀನ್ ತಗ್ಗಿಸುವುದೂ ಆ ಐದರಲ್ಲಿ ನಾಕೌಟ್ ಇರುವ ದಾರಿಯೊಳಗೇ ಬರುತ್ತದೆ. ಬ್ಯಾಂಡ್ ಅರ್ಧಕ್ಕೆ ಇಳಿದರೆ ಅದೂ ಒಂದು ಮಾಹಿತಿಯೇ. ಏನೂ ಮಾಡದೆ ಇರುವುದಕ್ಕೆ ಮಾತ್ರ ನನ್ನ ವಿರೋಧ.

ಖರ್ಚಿನ_ಲೆಕ್ಕ

ಅದನ್ನು ಮೊದಲೇ ಹೇಳಿದ್ದರೆ ನನ್ನ ಬೆರಳುಗಳಿಗೆ ಇಷ್ಟು ಟೈಪಿಸುವ ಕಷ್ಟ ತಪ್ಪುತ್ತಿತ್ತು. ಆದರೆ ಒಂದು ಮಾತು: ಪಕ್ವ ರೂಪ ಸುಮಾರು 12 ಗಂಟೆ ಅರ್ಧಾಯುಷ್ಯದ್ದಾದರೆ, ಆರ್‌ಎನ್‌ಎ ತಗ್ಗಿಸಿದ ಮರುದಿನವೇ ಬ್ಯಾಂಡ್ ಪೂರ್ತಿ ಹೋಗುತ್ತದೆಂದು ಯಾರೂ ಕಾಯಬಾರದು. ಎರಡು, ಮೂರು ದಿನ ಬಿಡಬೇಕು.

ನೊಣದ_ಕೋಣೆ

ಹಣ್ಣಿನ ನೊಣದವರ ಪರವಾಗಿ ಎರಡು ಮಾತು. ನಿಮ್ಮ ಆಡಮ್-10 ನಮ್ಮಲ್ಲಿ ಕುಜ್‌ಬೇನಿಯನ್. 1996ರ ಸುಮಾರಿಗೇ ನೊಣದ ನರಮಂಡಲದ ಬೆಳವಣಿಗೆಯಲ್ಲಿ ಇದರ ಪಾತ್ರ ಗೊತ್ತಾಗಿತ್ತು, ಪಕ್ಕಪಕ್ಕದ ಕೋಶಗಳ ನಡುವಿನ ನಾಚ್ ಸಂಕೇತಕ್ಕೆ ಇದು ಬೇಕೇ ಬೇಕು ಎಂಬುದು ಅದರ ಹಿಂದೆಯೇ ಬಂತು. ಇಲಿಯಲ್ಲಿ ಈ ಜೀನ್ ಪೂರ್ತಿ ತೆಗೆದರೆ ಭ್ರೂಣ ಒಂಬತ್ತೂವರೆ ದಿನದ ಆಸುಪಾಸಿನಲ್ಲೇ ಸಾಯುತ್ತದೆ. ಹಾಗಾಗಿ ಜೀವಿಯ ಮಟ್ಟದಲ್ಲಿ ಪೂರ್ಣ ನಾಕೌಟ್ ಅಂಗಾಂಶ ಬೇಕೆಂದರೆ ಬೇಕಾದ ಅಂಗಾಂಶದಲ್ಲಷ್ಟೇ ಜೀನ್ ತೆಗೆಯುವ ಷರತ್ತುಬದ್ಧ ನಾಕೌಟಿನ ದಾರಿ ಹಿಡಿಯಬೇಕು. ಬೆಳೆಸಿದ ಕೋಶಗಳು ಮಾತ್ರ ಇದಿಲ್ಲದೆಯೂ ಬದುಕುತ್ತವೆ.

ಕಣ್ಣಾರೆ_ಬ್ಲಾಟ್

ನೊಣದ ಮೇಲೆ ಮನುಷ್ಯರ ಆಡಮ್-10 ಆಂಟಿಬಾಡಿ ಕೆಲಸ ಮಾಡುತ್ತದೆಯೇ?

ನೊಣದ_ಕೋಣೆ

ಪೆಪ್ಟೈಡಿನ ಸೀಕ್ವೆನ್ಸ್ ಹೋಲಿಸದೆ ಹಾಗೆ ಬಳಸಬೇಡಿರಿ. ಮನುಷ್ಯ ಮತ್ತು ಇಲಿಯ ನಡುವೆ ತೊಂದರೆಯಿಲ್ಲ, ಎರಡೂ ತೀರ ಹತ್ತಿರ. ಆ ಹತ್ತಿರವೇ ಇನ್ನೊಂದು ತೊಡಕನ್ನೂ ತರುತ್ತದೆ: ತನ್ನದೇ ಪ್ರೋಟೀನಿನಂತಿರುವುದನ್ನು ಚುಚ್ಚಿದರೆ ಇಲಿಯ ರೋಗನಿರೋಧಕ ವ್ಯವಸ್ಥೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಇಂಥ ಗುರಿಗಳಿಗೆ ಮೊಲ, ಕೋಳಿ ಅಥವಾ ಆ ಜೀನೇ ಇಲ್ಲದ ಇಲಿಯ ಮೊರೆ ಹೋಗುವುದು ಅದಕ್ಕಾಗಿ.

ಹರಿವಿನ_ಅಳತೆ

ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯುವ ವಿಧಾನ) ಮಾಡುವವಳಾಗಿ ನನಗೆ ಅನಿಸುವುದು ಇಷ್ಟು. ಪ್ರಶ್ನೆ ಕೋಶದ ಮೇಲ್ಮೈಯಲ್ಲಿರುವ ಕಿಣ್ವದ್ದಾದರೆ, ಕೋಶವನ್ನು ಒಡೆದು ಎಲ್ಲವನ್ನೂ ಕಲಸಿ ಬ್ಲಾಟ್ ಮಾಡುವುದೇಕೆ? ಕೋಶವನ್ನು ಜೀವಂತವಾಗಿಟ್ಟು ಹೊರಗಿನಿಂದಲೇ ಬಣ್ಣದ ಆಂಟಿಬಾಡಿ ಅಂಟಿಸಿರಿ. ಈ ಕಿಣ್ವಕ್ಕೆ ಸಿಡಿ156ಸಿ ಎಂಬ ಹೆಸರೂ ಇದೆ. ಕ್ಯಾಟಲಾಗಿನಲ್ಲಿ ಆ ಹೆಸರಿನಿಂದಲೂ ಹುಡುಕಬಹುದು. ನಿಮ್ಮ ಸಿ-ತುದಿಯ ಆಂಟಿಬಾಡಿ ಇದಕ್ಕೆ ಖಂಡಿತ ಆಗುವುದಿಲ್ಲ, ಏಕೆಂದರೆ ಜೀವಂತ ಕೋಶದಲ್ಲಿ ಆ ಬಾಲ ಪೊರೆಯ ಒಳಗಡೆ ಇರುತ್ತದೆ. ಹೊರಭಾಗವನ್ನು ಗುರುತಿಸುವ ಮಾನೋಕ್ಲೋನಲ್ (ಒಂದೇ ಬಗೆಯ) ಆಂಟಿಬಾಡಿ ಬೇಕು.

ಕೋಶಗಳನ್ನು ಪ್ಲೇಟಿನಿಂದ ಬಿಡಿಸಲು ಟ್ರಿಪ್ಸಿನ್ ಹಾಕಬೇಡಿರಿ. ಮೇಲ್ಮೈಯಲ್ಲಿರುವುದನ್ನು ಅಳೆಯಬೇಕೆಂದು ಹೊರಟು ಮೇಲ್ಮೈಯನ್ನೇ ಕಿಣ್ವದಿಂದ ಬೋಳಿಸಿ ಆಮೇಲೆ "ಸಂಕೇತ ಬರುತ್ತಿಲ್ಲ" ಎಂದು ಬರೆಯುವವರನ್ನು ಈ ವೇದಿಕೆಯಲ್ಲೇ ಕಂಡಿದ್ದೇನೆ. ಇಡಿಟಿಎ ಹಾಕಿ ಮೆಲ್ಲಗೆ ಬಿಡಿಸಿರಿ. ಸತ್ತ ಕೋಶಗಳನ್ನು ಬೇರ್ಪಡಿಸುವ ಬಣ್ಣ ಕಡ್ಡಾಯ. ಸತ್ತ ಕೋಶದ ಪೊರೆ ತೂತಾಗಿರುವುದರಿಂದ ಆಂಟಿಬಾಡಿ ಒಳಗೆ ನುಗ್ಗಿ, ಒಳಗಿರುವ ಅಪಕ್ವ ರೂಪವನ್ನೂ ಎಣಿಸಿಬಿಡುತ್ತದೆ.

ಹಳೆಯ_ಬಫರ್

ಮೇಡಂ, ಫ್ಲೋ ನಿಮಗೆ ಒಟ್ಟು ಎಷ್ಟು ಎಂದು ಹೇಳುತ್ತದೆಯೇ ಹೊರತು ಅಣುವಿನ ಗಾತ್ರ ಹೇಳುವುದಿಲ್ಲ. ಮೇಲ್ಮೈಗೆ ಸ್ವಲ್ಪ ಅಪಕ್ವ ರೂಪವೂ ಬಂದಿದ್ದರೆ ಅದನ್ನು ಪಕ್ವದಿಂದ ಬೇರೆ ಮಾಡುವುದು ಹೇಗೆ?

ಹರಿವಿನ_ಅಳತೆ

ಅದಕ್ಕೂ ದಾರಿ ಇದೆ, ಸರ್. ನಾಲ್ಕು ಡಿಗ್ರಿಯಲ್ಲಿ, ಪೊರೆ ದಾಟದ ಬಯೋಟಿನ್ ಕಾರಕದಿಂದ ಮೇಲ್ಮೈಯ ಪ್ರೋಟೀನುಗಳಿಗೆ ಮಾತ್ರ ಗುರುತು ಹಾಕಿರಿ. ಆಮೇಲೆ ಕೋಶ ಒಡೆದು, ಸ್ಟ್ರೆಪ್ಟಾವಿಡಿನ್ ಮಣಿಗಳಿಂದ ಅವನ್ನಷ್ಟೇ ಎಳೆದು ಬ್ಲಾಟ್ ಮಾಡಿರಿ. ಆಗ ಅವರ ಸಿ-ತುದಿಯ ಆಂಟಿಬಾಡಿಯೂ ಕೆಲಸಕ್ಕೆ ಬರುತ್ತದೆ. ಮಣಿಗಳೊಡನೆ ಗಂಟೆಗಟ್ಟಲೆ ತಿರುಗಿಸುವ ಕೆಲಸವಾದ್ದರಿಂದ ನಿಮ್ಮ ತಡೆಕಾರಕ ಅಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ, ಅದನ್ನು ಒಪ್ಪುತ್ತೇನೆ.

ಧಾರವಾಡದ_ಜೆಲ್

ಆಂಟಿಬಾಡಿ ತರಿಸುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮಗೆ ಕಳೆದ ಬೇಸಿಗೆಯಲ್ಲಿ ಬಂದ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಬಿಸಿನೀರಿನಂತಾಗಿತ್ತು. ವಿತರಕರು "ಏನೂ ಆಗುವುದಿಲ್ಲ" ಎಂದರು. ಮಾರ್ಚ್ 31ರೊಳಗೆ ಅನುದಾನ ಮುಗಿಸುವ ಗಡಿಬಿಡಿಯಲ್ಲಿ ನಾವೂ ಸಹಿ ಹಾಕಿಕೊಟ್ಟೆವು. ಆಮೇಲೆ ಬ್ಯಾಂಡ್ ಬರದಿದ್ದಾಗಲೆಲ್ಲ ಆ ಪೆಟ್ಟಿಗೆಯೇ ನೆನಪಾಗುತ್ತದೆ.

ಹೈಡೆಲ್‌ಬರ್ಗ್_ಚಳಿ

ವಿತರಕರ ಪರ ವಕಾಲತ್ತು ವಹಿಸುವುದು ನನಗಿಷ್ಟವಿಲ್ಲ, ಆದರೂ ಹೇಳಲೇಬೇಕು: ಸಾಮಾನ್ಯ ಐಜಿಜಿ ಆಂಟಿಬಾಡಿ ಗಟ್ಟಿ ಅಣು, ಒಂದೆರಡು ದಿನದ ಕೋಣೆಯ ಉಷ್ಣತೆಗೆ ಹೆಚ್ಚು ಕೆಡುವುದಿಲ್ಲ. ಕೆಡಿಸುವುದು ಮೇಲಿಂದ ಮೇಲೆ ಹೆಪ್ಪುಗಟ್ಟಿಸಿ ಕರಗಿಸುವುದು. ಬಂದ ದಿನವೇ ಸಣ್ಣ ಪಾಲುಗಳನ್ನಾಗಿ ಮಾಡಿ ಇಟ್ಟರೆ ಮುಗಿಯಿತು. ಫೈಕೋಎರಿಥ್ರಿನ್‌ನಂಥ ಬಣ್ಣ ಜೋಡಿಸಿದವುಗಳ ವಿಷಯ ಬೇರೆ. ಅವನ್ನು ಹೆಪ್ಪುಗಟ್ಟಿಸಲೇಬಾರದು, ಬೆಳಕಿಗೂ ಇಡಬಾರದು.

ನಾನು ಇಲ್ಲಿ ಪೊರೆಯ ಪ್ರೋಟಿಯೇಸುಗಳ ಮೇಲೆಯೇ ಕೆಲಸ ಮಾಡುತ್ತೇನೆ. ತಡೆಕಾರಕದ ಆಯ್ಕೆಯ ಬಗ್ಗೆ ಮೂರು ಮಾತು. ಬರೀ ಇಡಿಟಿಎ ಸಾಕೆಂದು ಕೆಲವರು ಹೇಳುತ್ತಾರೆ. ನಾನು ಅದೊಂದನ್ನೇ ನಂಬುವುದಿಲ್ಲ, ಏಕೆಂದರೆ ಸಕ್ರಿಯ ಸ್ಥಾನದೊಳಗೆ ಬಿಗಿಯಾಗಿ ಕುಳಿತ ಸತುವನ್ನು ಹೊರಗೆಳೆಯಲು ಅದಕ್ಕೆ ಸಮಯ ಹಿಡಿಯುತ್ತದೆ, ಆ ಸಮಯದಲ್ಲಿ ಕತ್ತರಿ ಆಡುತ್ತಲೇ ಇರುತ್ತದೆ. ಜೊತೆಗೆ, ಸಕ್ಕರೆ ಸರಪಳಿ ಹೊತ್ತ ಪ್ರೋಟೀನುಗಳನ್ನು ಕಾನ್-ಎ (ಸಕ್ಕರೆಗೆ ಅಂಟುವ ಪ್ರೋಟೀನು) ಮಣಿಗಳಿಂದ ಒಟ್ಟುಗೂಡಿಸುವವರಿಗೆ ಇಡಿಟಿಎ ದೊಡ್ಡ ಅಡ್ಡಿ. ಕಾನ್-ಎಗೆ ಕ್ಯಾಲ್ಸಿಯಂ, ಮ್ಯಾಂಗನೀಸ್ ಎರಡೂ ಬೇಕು. 1,10-ಫಿನಾಂತ್ರೊಲೀನ್ ಅಗ್ಗ, ಸಾಮಾನ್ಯವಾಗಿ 10 ಮಿಲಿಮೋಲಾರ್ ಬಳಸುತ್ತಾರೆ. ಸತುವನ್ನು ಬೇಗ ಹಿಡಿಯುತ್ತದೆ, ಕ್ಯಾಲ್ಸಿಯಮ್ಮಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಬಾಟಿಮಾಸ್ಟಾಟ್ ದುಬಾರಿ, ಆದರೆ ಸಕ್ರಿಯ ಸ್ಥಾನಕ್ಕೆ ನೇರವಾಗಿ ಅಂಟುವುದರಿಂದ ದ್ರಾವಣದ ಬೇರೆ ಲೋಹಗಳಿಗೆ ಏನೂ ಮಾಡುವುದಿಲ್ಲ. ಚರ್ಚೆ ಆರಂಭಿಸಿದವರಿಗೆ ಲೋಹ ಬೇಕಾಗುವ ಪ್ರಯೋಗಗಳೂ ಇರುವುದರಿಂದ ಅವರಿಗೆ ಅದೇ ಸೂಕ್ತ.

ಖರ್ಚಿನ_ಲೆಕ್ಕ

"ದುಬಾರಿ, ಆದರೆ ಅದೇ ಸೂಕ್ತ." ಜರ್ಮನಿಯಿಂದ ಬರುವ ಸಲಹೆಗಳೆಲ್ಲ ಹೀಗೇ ಕೊನೆಗೊಳ್ಳುತ್ತವೆ.

ಹೈಡೆಲ್‌ಬರ್ಗ್_ಚಳಿ

ಚುಚ್ಚುಮಾತು ತಲುಪಿತು. ಅದಕ್ಕೆ ಪ್ರಾಯಶ್ಚಿತ್ತವಾಗಿ: ನಮ್ಮಲ್ಲಿ ಆಡಮ್-10 ಇಲ್ಲದ ಎಚ್‌ಇಕೆ293 ಎಂಬ ಮಾನವ ಕೋಶಗಳಿವೆ. ನಮ್ಮ ಮುಖ್ಯಸ್ಥರ ಅನುಮತಿ ಕೇಳಿ, ಮೂಲ ಕೋಶದ್ದೂ ನಾಕೌಟಿನದೂ ಲೈಸೇಟುಗಳನ್ನು ಎಸ್‌ಡಿಎಸ್ ಬಫರಿನಲ್ಲಿ ಕುದಿಸಿ ಕಳುಹಿಸಬಲ್ಲೆ. ಹಾಗೆ ಕುದಿಸಿದ ಸ್ಯಾಂಪಲ್ ದಾರಿಯಲ್ಲಿ ಕೆಡುವ ಭಯ ಕಡಿಮೆ. ನಾಕೌಟ್ ವಾದಿಗಳಿಗೂ ಸಮಾಧಾನವಾದೀತು.

ನಾಕೌಟ್_ವಾದಿ

ಸಮಾಧಾನವಾಯಿತು. ಆದರೆ ಎಚ್‌ಇಕೆಯಲ್ಲಿ ಸರಿಯಾದ ಬ್ಯಾಂಡ್ ಎಸ್‌ಎಚ್-ಎಸ್‌ವೈ5ವೈಯಲ್ಲೂ ಅಷ್ಟೇ ಸರಿ ಎಂದು ಭಾವಿಸಬೇಡಿರಿ. ಅಡ್ಡ ಅಂಟುವ ಪ್ರೋಟೀನು ಒಂದು ಕೋಶದಲ್ಲಿ ಇಲ್ಲದೆ ಇನ್ನೊಂದರಲ್ಲಿ ಇರಬಹುದು.

ಕಣ್ಣಾರೆ_ಬ್ಲಾಟ್

ಪಿಎನ್‌ಜೇಸ್ ಎಫ್ ಕಿಣ್ವ ಹಾಕಿ ಪ್ರೋಟೀನಿಗೆ ಅಂಟಿದ ಸಕ್ಕರೆ ತೆಗೆದು ನೋಡುವುದೂ ಒಳ್ಳೆಯದು. ಆಡಮ್-10ರ ಮೇಲೆ ಎನ್-ಗ್ಲೈಕೋಸಿಲೇಶನ್ (ಸಕ್ಕರೆ ಅಂಟುವ) ತಾಣಗಳು ನಾಲ್ಕು. ಸಕ್ಕರೆ ಹೋದರೆ ಬ್ಯಾಂಡ್ ಕೆಳಗೆ ಜಾರಲೇಬೇಕು, ಜಾರದಿದ್ದರೆ ಅನುಮಾನಪಡಿರಿ. ಎಂಡೋ ಎಚ್ ಕಿಣ್ವಕ್ಕೆ ಜಾರುವುದು ಇನ್ನೂ ಗಾಲ್ಜಿ (ಪ್ರೋಟೀನಿನ ಸಕ್ಕರೆ ಸರಪಳಿಯನ್ನು ಬದಲಿಸುವ ಕೋಶಾಂಗ) ದಾಟದ ಅಪಕ್ವ ರೂಪ.

ಸ್ಲೈಡ್_ಓದುಗಿ

ನಾನು ರೋಗಶಾಸ್ತ್ರ ವಿಭಾಗದವಳು. ನಿಮ್ಮ ಮಾತುಗಳನ್ನು ಓದುತ್ತ ಒಂದು ವಿಷಯ ಹೊಳೆಯಿತು. ಕೋಶದ ಮೇಲ್ಮೈಯ ಲೋಹ ಆಶ್ರಿತ ಪ್ರೋಟಿಯೇಸ್ ಒಂದನ್ನು ಗುರುತಿಸುವ ಆಂಟಿಬಾಡಿ ನಮ್ಮಲ್ಲಿ ದಿನನಿತ್ಯ ಬಳಕೆಯಲ್ಲಿದೆ. ನಾವು ಅದನ್ನು ಕಿಣ್ವವೆಂದು ನೆನೆಸಿಕೊಳ್ಳುವುದೇ ಇಲ್ಲ. ಸಿಡಿ10 ಎನ್ನುತ್ತೇವೆ, ಜೀವರಸಾಯನ ವಿಜ್ಞಾನದವರಿಗೆ ಅದು ನೆಪ್ರಿಲೈಸಿನ್. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯ, ಫಾಲಿಕ್ಯುಲರ್ ಲಿಂಫೋಮ, ಹೀಗೆ ಎಷ್ಟೋ ಪ್ರಕರಣಗಳಲ್ಲಿ ಸಿಡಿ10 ಬಣ್ಣ ನೋಡದೆ ನಾವು ವರದಿ ಬರೆಯುವುದಿಲ್ಲ. 56ಸಿ6 ಎಂಬ ಕ್ಲೋನ್ ಬಹಳ ಕಡೆ ಬಳಕೆಯಲ್ಲಿದೆ.

ನಿಮ್ಮಲ್ಲಿ ನಾಕೌಟ್ ಹೇಗೋ ನಮ್ಮಲ್ಲಿ ಕಂಟ್ರೋಲ್ ಅಂಗಾಂಶ ಹಾಗೆ. ಮೂತ್ರಪಿಂಡದ ಸಮೀಪ ನಾಳಿಕೆಯ ಕುಂಚದಂಚಿನಲ್ಲಿ ಸಿಡಿ10 ಯಾವಾಗಲೂ ಇರುತ್ತದೆ. ಲಿಂಫ್ ಗಂಟಿನ ಜರ್ಮಿನಲ್ ಸೆಂಟರಿನಲ್ಲಿಯೂ ಇರುತ್ತದೆ. ಅಲ್ಲಿ ಬಣ್ಣ ಬರಲಿಲ್ಲವೆಂದರೆ ರೋಗಿಯ ಸ್ಲೈಡನ್ನು ಓದುವುದೇ ಇಲ್ಲ, ಮತ್ತೆ ಬಣ್ಣ ಹಾಕಿಸುತ್ತೇವೆ. ಸಂಶೋಧನೆಯವರು ಒಂದು ಬ್ಯಾಂಡ್ ಬಂದ ಕೂಡಲೇ ಬರೆಯಲು ಕುಳಿತುಬಿಡುತ್ತಾರೆ ಎಂಬುದು ನಮ್ಮ ಹಳೆಯ ತಕರಾರು.

ಅಂದಹಾಗೆ ನೆಪ್ರಿಲೈಸಿನ್ ಅಮೈಲಾಯ್ಡ್ ಬೀಟಾವನ್ನು ಒಡೆಯುವ ಕಿಣ್ವಗಳಲ್ಲೊಂದು. ಚರ್ಚೆ ಆರಂಭಿಸಿದವರು ಆಡಮ್-10 ಒಂದನ್ನೇ ನೋಡಿ ಅಮೈಲಾಯ್ಡಿನ ಏರಿಳಿತವನ್ನೆಲ್ಲ ಅದರ ತಲೆಗೆ ಕಟ್ಟಬಾರದು.

ನಾಕೌಟ್_ವಾದಿ

ಮೇಡಂ, ನಿಮ್ಮ ತಕರಾರಿಗೆ ನನ್ನದೂ ಒಂದು ಸಹಿ.

ಹರಿವಿನ_ಅಳತೆ

ಹೃದಯ ವೈಫಲ್ಯಕ್ಕೆ ಕೊಡುವ ಸಾಕ್ಯುಬಿಟ್ರಿಲ್ ತಡೆಯುವುದೂ ಇದೇ ನೆಪ್ರಿಲೈಸಿನನ್ನು. ಸಿಡಿ10 ಎಂದು ನಿತ್ಯ ಬರೆಯುವ ನನಗೆ ಇದು ತಿಳಿದದ್ದು ಬಹಳ ತಡವಾಗಿ.

ಹಳೆಯ_ಬಫರ್

ಮತ್ತೆ ಆಡಮ್-10ಕ್ಕೆ ಬರೋಣ. ಪೊರೆಯ ಪಹರೆಯವರೇ, ನನಗೆ ಇನ್ನೊಂದು ಅನುಮಾನ ಕಾಡುತ್ತಿದೆ. ಕೋಶ ಒಡೆಯುವಾಗ ಯಾವ ಪ್ಲೇಟನ್ನು ಮೊದಲು ಕೈಗೆತ್ತಿಕೊಳ್ಳುತ್ತೀರಿ?

ಪೊರೆಯ_ಪಹರೆ

ಕಂಟ್ರೋಲ್ ಪ್ಲೇಟ್ ಮೊದಲು, ರೆಟಿನಾಯಿಕ್ ಆಮ್ಲ ಹಾಕಿದವು ಆಮೇಲೆ. ಲೇಬಲ್ ಸಂಖ್ಯೆಯ ಪ್ರಕಾರ ಹೋಗುತ್ತೇವೆ. ಏಕೆ ಸರ್?

ಹಳೆಯ_ಬಫರ್

ಹಾಗಾದರೆ ಕಂಟ್ರೋಲಿನ ಲೈಸೇಟು ಯಾವಾಗಲೂ ಹೆಚ್ಚು ಹೊತ್ತು ಐಸ್ ಮೇಲೆ ಕುಳಿತಿರುತ್ತದೆ, ಅದರಲ್ಲಿನ ಪಕ್ವ ರೂಪ ಹೆಚ್ಚು ನಾಶವಾಗಿರುತ್ತದೆ. ಕೊನೆಗೆ ಒಡೆದ ಪ್ಲೇಟಿನಲ್ಲಿ ಕಡಿಮೆ ನಾಶ. ಔಷಧಿ ಏನೂ ಮಾಡದಿದ್ದರೂ "ರೆಟಿನಾಯಿಕ್ ಆಮ್ಲ ಪಕ್ವ ಆಡಮ್-10 ಅನ್ನು ಹೆಚ್ಚಿಸುತ್ತದೆ" ಎಂಬ ಚಿತ್ರ ಬರುತ್ತದೆ. ಬ್ಯಾಂಡ್ ಕಾಣದಿರುವುದು ಸಣ್ಣ ತೊಂದರೆ. ಕಾಣುವ ಬ್ಯಾಂಡ್ ಒಂದೇ ಕಡೆಗೆ ವಾಲಿ ಸುಳ್ಳು ಹೇಳುವುದು ದೊಡ್ಡ ತೊಂದರೆ. ಪ್ರತಿ ಸಲವೂ ಅದೇ ಕ್ರಮದಲ್ಲಿ ಒಡೆದರೆ ಪ್ರಯೋಗವನ್ನು ಎಷ್ಟು ಸಲ ಮಾಡಿದರೂ ಅದೇ ಸುಳ್ಳು ಮರುಕಳಿಸುತ್ತದೆ, ಸಂಖ್ಯಾಶಾಸ್ತ್ರವೂ ಅದಕ್ಕೆ "ವ್ಯತ್ಯಾಸ ನಿಜ" ಎಂಬ ನಕ್ಷತ್ರದ ಗುರುತು ಹಾಕಿಕೊಡುತ್ತದೆ.

ಹೈಡೆಲ್‌ಬರ್ಗ್_ಚಳಿ

ಒಳ್ಳೆಯ ಗಮನ. ಆದರೆ ರೆಟಿನಾಯ್ಡುಗಳು (ರೆಟಿನಾಯಿಕ್ ಆಮ್ಲದಂಥವು) ಆಡಮ್-10 ಜೀನಿನ ಪ್ರತಿಲೇಖನವನ್ನು (ಆರ್‌ಎನ್‌ಎಯಾಗಿ ನಕಲಾಗುವುದನ್ನು) ಹೆಚ್ಚಿಸುತ್ತವೆ ಎಂಬುದಕ್ಕೆ ಬೇರೆ ಆಧಾರಗಳಿವೆ. ಅಸಿಟ್ರೆಟಿನ್ ಎಂಬ ಸೋರಿಯಾಸಿಸ್ ಔಷಧಿಯನ್ನು ಅಲ್ಝೈಮರ್ ರೋಗಿಗಳಲ್ಲಿ ಪ್ರಯತ್ನಿಸಿದ್ದು ಇದೇ ಕಾರಣಕ್ಕೆ. ಆದ್ದರಿಂದ ಇಡೀ ಫಲಿತಾಂಶವನ್ನೇ ಸುಳ್ಳೆಂದು ತಳ್ಳಿಹಾಕುವ ಹಾಗಿಲ್ಲ. ಪ್ರತಿಲೇಖನವೇ ಏರಿದ್ದರೆ ಅಪಕ್ವ ಬ್ಯಾಂಡ್ ಕೂಡ ಏರಬೇಕು. ಪಕ್ವ ಮಾತ್ರ ಏರಿ ಅಪಕ್ವ ಇದ್ದಲ್ಲೇ ಇದ್ದರೆ ಹಳೆಯ ಬಫರ್ ಅವರ ಅನುಮಾನಕ್ಕೆ ಬಲ ಬರುತ್ತದೆ.

ಧಾರವಾಡದ_ಜೆಲ್

ಆಂಟಿಬಾಡಿಯ ಬಗ್ಗೆ ಆರಂಭವಾದ ಚರ್ಚೆ ಪ್ಲೇಟ್ ಒಡೆಯುವ ಕ್ರಮಕ್ಕೆ ಬಂದು ನಿಂತಿತು. ಓದುತ್ತಿರುವ ಎಲ್ಲರೂ ಈಗ ತಮ್ಮ ನೋಟ್‌ಬುಕ್ ತೆಗೆದು ನೋಡುತ್ತಿರಬೇಕು.

ಪೊರೆಯ_ಪಹರೆ

ವಾರ ಕಳೆದು ಬರೆಯುತ್ತಿದ್ದೇನೆ, ಕ್ಷಮಿಸಿರಿ. ಬಾಟಿಮಾಸ್ಟಾಟ್ ನಮ್ಮಲ್ಲಿರಲಿಲ್ಲ, ಪಕ್ಕದ ಲ್ಯಾಬಿನಿಂದ ಫಿನಾಂತ್ರೊಲೀನ್ ತಂದೆವು. ಪ್ಲೇಟುಗಳ ಕ್ರಮವನ್ನು ಚೀಟಿ ಎತ್ತಿ ನಿರ್ಧರಿಸಿದೆವು. ಕುದಿಯುವ ಎಸ್‌ಡಿಎಸ್‌ನಲ್ಲಿ ನೇರವಾಗಿ ಒಡೆದದ್ದನ್ನೂ ಪಕ್ಕದಲ್ಲೇ ಓಡಿಸಿದೆವು.

ಎಸ್‌ಡಿಎಸ್‌ನಲ್ಲಿಯೂ ಫಿನಾಂತ್ರೊಲೀನ್ ಹಾಕಿದ ರಿಪಾದಲ್ಲಿಯೂ 65ರ ಆಸುಪಾಸಿನ ಬ್ಯಾಂಡ್ ದಟ್ಟವಾಗಿ ಬಂತು. ಅದೇ ಹಳೆಯ ಆಂಟಿಬಾಡಿ, ಅದೇ ದುರ್ಬಲೀಕರಣ. ಫಿನಾಂತ್ರೊಲೀನ್ ಹಾಕದ ನಮ್ಮ ಮಾಮೂಲಿ ಬಫರಿನ ಲೇನಿನಲ್ಲಿ ಎಂದಿನಂತೆ ಮಸುಕು. ರೆಟಿನಾಯಿಕ್ ಆಮ್ಲದ ಪರಿಣಾಮ ಮೊದಲಿಗಿಂತ ಕುಗ್ಗಿದೆ, ಆದರೆ ಪೂರ್ತಿ ಮಾಯವಾಗಿಲ್ಲ, ಮತ್ತು ಈಗ ಪಕ್ವ, ಅಪಕ್ವ ಎರಡೂ ಒಟ್ಟಿಗೆ ಏರುತ್ತಿವೆ. ಗೈಡ್ ಅವರಿಗೆ ತೋರಿಸಿದೆ. ಹೊಸ ಆಂಟಿಬಾಡಿಯ ಬೇಡಿಕೆ ಪತ್ರವನ್ನು ತಡೆಹಿಡಿದು, ಹೊರಭಾಗಕ್ಕೆ ಅಂಟುವ ರಿಕಾಂಬಿನೆಂಟ್ ಒಂದನ್ನು ಎರಡನೆಯ ಸಾಕ್ಷಿಯಾಗಿ ತರಿಸೋಣ ಎಂದಿದ್ದಾರೆ. ನಾಕೌಟ್ ಲೈಸೇಟಿಗಾಗಿ ಹೈಡೆಲ್‌ಬರ್ಗ್ ಅವರಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

ಹೊಸ ತಲೆನೋವು ಒಂದು ಹುಟ್ಟಿದೆ. ಫಿನಾಂತ್ರೊಲೀನ್ ಹಾಕಿದ ಮೇಲೆ ಬಿಸಿಎ ಅಳತೆ ಹುಚ್ಚುಹುಚ್ಚಾಗಿ ಬರುತ್ತಿದೆ. ಎಲ್ಲ ಲೇನಿಗೂ ಒಂದೇ ಪ್ರಮಾಣ ಹಾಕುವುದು ಹೇಗೆ?

ಕಣ್ಣಾರೆ_ಬ್ಲಾಟ್

ಇಡೀ ಬ್ಲಾಟ್ ನೋಡಿದೆ, ಚೆನ್ನಾಗಿದೆ. ಲ್ಯಾಡರಿನ 70ರ ಗುರುತು ಮಾತ್ರ ವಕ್ರವಾಗಿ ಓಡಿದೆ, ಜೆಲ್ ಬಿಸಿಯಾಗಿರಬೇಕು.

ಹೈಡೆಲ್‌ಬರ್ಗ್_ಚಳಿ

ಬಿಸಿಎ ವಿಧಾನ ನಿಂತಿರುವುದೇ ತಾಮ್ರದ ಮೇಲೆ. ಫಿನಾಂತ್ರೊಲೀನ್ ಸತುವಿನಂತೆ ತಾಮ್ರವನ್ನೂ ಹಿಡಿದುಕೊಳ್ಳುತ್ತದೆ. ಅದು ಕೆಡುವುದು ಸಹಜ. ಅಂಗಾಂಶದ ಲೈಸೇಟಿನಲ್ಲಿ ಕಬ್ಬಿಣ ಸಿಕ್ಕಿದರೆ ಕಿತ್ತಳೆಗೆಂಪು ಬಣ್ಣವೂ ಬರುತ್ತದೆ, ಗಾಬರಿಯಾಗಬೇಡಿರಿ.

ಖರ್ಚಿನ_ಲೆಕ್ಕ

ಬ್ರ್ಯಾಡ್‌ಫರ್ಡ್ ವಿಧಾನದಲ್ಲಿ ಪ್ರೋಟೀನ್ ಅಳೆಯಿರಿ ಎನ್ನೋಣವೆಂದರೆ ರಿಪಾದ ಡಿಟರ್ಜೆಂಟ್ ಅದನ್ನು ಕೆಡಿಸುತ್ತದೆ. ಡಿಟರ್ಜೆಂಟ್ ಸಹಿಸುವ ಕಿಟ್ ಎಂದರೆ ಮತ್ತೆ ಹಣ.

ಹಳೆಯ_ಬಫರ್

ಹಣ ಬೇಡ. ಅದೇ ಪ್ಲೇಟಿನ ಕೋಶಗಳನ್ನು ಎಣಿಸಿ, ಒಂದೇ ಸಂಖ್ಯೆಯ ಕೋಶಗಳಿಗೆ ಒಂದೇ ಗಾತ್ರದ ಬಫರ್ ಹಾಕಿ ಒಡೆಯಿರಿ. ಬ್ಲಾಟ್ ವರ್ಗಾವಣೆಯಾದ ಮೇಲೆ ಪಾನ್ಸೋ ಬಣ್ಣ ಹಾಕಿ ಲೇನುಗಳ ಒಟ್ಟು ಪ್ರೋಟೀನ್ ಸಮವಾಗಿದೆಯೇ ಎಂದು ನೋಡಿ, ಚಿತ್ರ ತೆಗೆದಿಟ್ಟುಕೊಳ್ಳಿರಿ. ಸ್ಟಾಕ್ ದ್ರಾವಣವನ್ನು ಎಥನಾಲಿನಲ್ಲಿ ಮಾಡಿರಿ, ನೀರಿನಲ್ಲಿ ಫಿನಾಂತ್ರೊಲೀನ್ ಸರಿಯಾಗಿ ಕರಗುವುದಿಲ್ಲ. ಮುಂದೆ ಬಾಟಿಮಾಸ್ಟಾಟ್ ಬಂದರೆ ಅದನ್ನು ಡಿಎಂಎಸ್‌ಒದಲ್ಲಿ ಕರಗಿಸಿ ಸಣ್ಣ ಪಾಲುಗಳಾಗಿ ಇಡಿರಿ, ಮತ್ತು ಬಫರಿಗೆ ಒಡೆಯುವ ಹೊತ್ತಿಗೇ ಸೇರಿಸಿರಿ.